ಗೀಸರ್ ಬೇಗ ಕಾಯ್ತಿಲ್ವಾ, ಮೊದ್ಲು ವೈರ್ ಅಳೀರಿ

ಮದ್ದೂರು ಕಡೆ ಒಂದು ತೋಟದ ಮನೆ. ಮೈಸೂರಿನ ಮನೇಲಿ ಅರ್ಧ ಗಂಟೇಲಿ ನೀರು ಕಾಯಿಸ್ತಿದ್ದ ಗೀಸರ್ ಇಲ್ಲಿಗೆ ತಂದು ಹಾಕಿದ್ಮೇಲೆ ನಲವತ್ತು ನಿಮಿಷ ಆದ್ರೂ ಸರಿಯಾಗಿ ಕಾಯ್ತಿಲ್ಲ, ಎಲಿಮೆಂಟ್ (ಒಳಗೆ ನೀರು ಕಾಯಿಸೋ ಸುರುಳಿ) ಹೋಗಿದೆ ಹೊಸದೇ ತರೋಣ ಅಂತ ಮನೆಯವ್ರು ಆಗ್ಲೇ ತೀರ್ಮಾನ ಮಾಡ್ಬಿಟ್ಟಿದ್ರು. ತಡೀರಿ ಅಂದೆ.

ಗೀಸರ್ ಆನ್ ಇದ್ದಾಗ್ಲೇ ಅಳೆದೆ. ಗೀಸರ್ ಹತ್ರ 196 ವೋಲ್ಟ್, ಕ್ಲಾಂಪ್ ಮೀಟರಲ್ಲಿ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯೋ ಇಕ್ಕಳದಂಥ ಮೀಟರ್) 7.4 ಆಂಪ್ಸ್. ವೋಲ್ಟೇಜನ್ನ ಕರೆಂಟಿಂದ ಭಾಗಿಸಿದ್ರೆ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡೋ ತಡೆ), ಇಲ್ಲಿ ಸುಮಾರು 26.5 ಓಮ್. 230 ವೋಲ್ಟಿಗೆ 2000 ವ್ಯಾಟ್ ಅಂತ ಬರೆದಿರೋ ಎಲಿಮೆಂಟ್ ಇರಬೇಕಾದ್ದೂ ಅಷ್ಟೇ: 230ನ್ನ 230ರಿಂದ ಗುಣಿಸಿ 2000ದಿಂದ ಭಾಗಿಸಿ, 26.45 ಬರುತ್ತೆ. ಎಲಿಮೆಂಟಿಗೆ ಏನೂ ಆಗಿಲ್ಲ.

ಪವರ್ ಬೇಕಂದ್ರೆ ಎರಡನ್ನೂ ಗುಣಿಸಿ, 196 ಇಂಟು 7.4, ಸುಮಾರು 1450 ವ್ಯಾಟ್. ವೋಲ್ಟೇಜ್ ಇಳಿದಿದ್ದು 15 ಪರ್ಸೆಂಟ್, ಪವರ್ ಇಳಿದಿದ್ದು ಮಾತ್ರ 27 ಪರ್ಸೆಂಟ್, ಯಾಕಂದ್ರೆ ವೋಲ್ಟೇಜ್ ಕಮ್ಮಿ ಆದಾಗ ಅದರ ಜೊತೆ ಕರೆಂಟೂ ಕಮ್ಮಿ ಆಗುತ್ತೆ, ಎರಡೂ ಕಡೆ ಪೆಟ್ಟು. ಪ್ಲೇಟ್ ಮೇಲಿರೋ 2000 ಅನ್ನೋದು 230 ಬಂದಾಗಿನ ಲೆಕ್ಕ ಕಣ್ರೀ.

ಹಾಗಾದ್ರೆ ವೋಲ್ಟೇಜ್ ಎಲ್ಲಿ ಹೋಯ್ತು? ಮೀಟರ್ ಬೋರ್ಡಲ್ಲಿ 210 ಇತ್ತು, ಅಂದ್ರೆ ದಾರೀಲಿ 14 ವೋಲ್ಟ್ ಮಾಯ. 14ನ್ನ 7.4ರಿಂದ ಭಾಗಿಸಿದ್ರೆ 1.9 ಓಮ್, ಇದು ವೈರಿಂದು. ಬೋರ್ಡಿಂದ ಮನೆಗೆ 80 ಮೀಟರ್, ಹೋಗಿ ಬರೋದು ಸೇರಿ 160, ಎಳೆದಿದ್ದು 1.5 ಸ್ಕ್ವೇರ್ ಎಂಎಂ ತಾಮ್ರ, ಕಿಲೋಮೀಟರಿಗೆ 12.1 ಓಮ್ ಹಿಡಿದ್ರೆ 1.94. ಅಳತೆಗೂ ಲೆಕ್ಕಕ್ಕೂ ತಾಳೆ ಆಯ್ತು. 3 ಓಮ್ ಏನಾದ್ರೂ ಬಂದಿದ್ರೆ ಎಲ್ಲೋ ಜಾಯಿಂಟ್ ಲೂಸಾಗಿ ಕಾಯ್ತಿದೆ ಅಂತ ಹುಡುಕ್ಬೇಕಿತ್ತು, ನಂಗೆ ಈ ಲೆಕ್ಕದ ಮೇಲೆ ಇಷ್ಟು ಪ್ರೀತಿ ಇರೋದೇ ಇದಕ್ಕೆ, ಗೋಡೆ ಒಡೀದೆ ಒಳಗಿನ ಕಥೆ ಹೇಳುತ್ತೆ.

ಆ ವೈರಲ್ಲಿ 14 ಇಂಟು 7.4, ನೂರು ವ್ಯಾಟಿಗೂ ಜಾಸ್ತಿ ಬರೀ ಬಿಸಿಯಾಗಿ ಹೋಗ್ತಿತ್ತು, ಅದಕ್ಕೂ ಬಿಲ್ ಕಟ್ಟೋದು ಇವ್ರೇ. ಇನ್ನೂ ದಪ್ಪದ 4 ಸ್ಕ್ವೇರ್ ಎಂಎಂ ವೈರ್ ಹಾಕಿದ್ಮೇಲೆ ಗೀಸರ್ ಹತ್ರ 204 ಬಂತು, ವೈರಿನ ನಷ್ಟ ಅರ್ಧಕ್ಕಿಂತ ಕಮ್ಮಿ ಆಯ್ತು. ಉಳಿದಿದ್ದು ಲೈನಿನ ವೋಲ್ಟೇಜೇ ಕಮ್ಮಿ ಇರೋದು, ಅದು ವೈರ್ ಬದಲಾಯಿಸಿದ್ರೆ ಸರಿ ಹೋಗೋದಲ್ಲ. ಇದೇ ನಷ್ಟದ ಕಾರಣಕ್ಕೇ 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸುವಾಗ ವೋಲ್ಟೇಜ್ ಏರಿಸಿ ಕಳಿಸಿದ್ದು: ಅದೇ ಪವರಿಗೆ ಕರೆಂಟ್ ಕಮ್ಮಿ ಸಾಕು, ಕರೆಂಟ್ ಅರ್ಧ ಆದ್ರೆ ತಂತೀಲಿ ಹೋಗೋ ಬಿಸಿ ಕಾಲು ಭಾಗ.

ಪಂಪ್‌ಸೆಟ್ ಮೋಟರಿಗೆ ಮಾತ್ರ ಈ ಲೆಕ್ಕ ಹಾಕ್ಬೇಡಿ. ವೋಲ್ಟೇಜ್ ಇಳಿದ್ರೆ ಗೀಸರ್ ಕಮ್ಮಿ ಕರೆಂಟ್ ಎಳೆಯುತ್ತೆ, ಮೋಟರ್ ಅದೇ ನೀರು ಎತ್ತೋಕೆ ಜಾಸ್ತಿ ಎಳೆಯುತ್ತೆ, ವೈಂಡಿಂಗ್ ಸುಡೋದು ಹಂಗೇ. ಅದರ ಪವರಿಗೆ ಪವರ್ ಫ್ಯಾಕ್ಟರಿಂದ (ಎಳೆದ ಕರೆಂಟಲ್ಲಿ ನಿಜವಾಗಿ ಕೆಲಸಕ್ಕೆ ಬರೋ ಪಾಲು) ಕೂಡ ಗುಣಿಸ್ಬೇಕು.

ಅಳೆಯೋರಿಗೆ ಇನ್ನೊಂದು ಮಾತು. ಕ್ಲಾಂಪ್ ಒಳಗೆ ಫೇಸ್ ಒಂದೇ ವೈರ್ ಇರ್ಲಿ, ನ್ಯೂಟ್ರಲ್ಲೂ ಸೇರಿದ್ರೆ ಸೊನ್ನೆ ತೋರ್ಸುತ್ತೆ. ಮಲ್ಟಿಮೀಟರನ್ನ ಆಂಪ್ಸಲ್ಲಿ ಇಟ್ಟು ಫೇಸ್ ನ್ಯೂಟ್ರಲ್ ಮಧ್ಯೆ ಯಾವತ್ತೂ ಇಡ್ಬೇಡಿ, ಅದು ನೇರ ಶಾರ್ಟ್, ಮೀಟರ್ ಕೈಯಲ್ಲೇ ಸಿಡಿಯುತ್ತೆ.