ಸೋತವರು ‘ಮೋಸ’ ಅಂದರೆ ನಂಬಬೇಕಾ, ಬಿಡಬೇಕಾ?

ಪ್ರಶ್ನೆ: ಪ್ರತಿ ಚುನಾವಣೆ ಮುಗಿದ ಮೇಲೂ ಸೋತವರು ಮೋಸ ಆಗಿದೆ ಅಂತಾರೆ, ಗೆದ್ದವರು ಎಲ್ಲ ಸರಿಯಾಗಿದೆ ಅಂತಾರೆ. ಎಣಿಕೆ ನಡೆಯೋ ಕಡೆ ಕಾಲಿಡಲಾಗದ ನನ್ನಂಥ ಮತದಾರ ನಿಜ ತಿಳಿಯೋದು ಹೇಗೆ?

ಉತ್ತರ: ಮೋಸ ಆಗಿದೆ ಅನ್ನುವವರನ್ನು ಮೂರು ಮಾತು ಕೇಳಿ. ಯಾವ ಬೂತು? ಎಷ್ಟು ವೋಟು? ಎಣಿಕೆಯ ಯಾವ ಹಾಳೆಯಲ್ಲಿದೆ? ಏನೂ ಆಗಿಲ್ಲ ಅನ್ನುವವರನ್ನೂ ಬಿಡಬೇಡಿ. ಹಾಗಾದರೆ ಆ ಹಾಳೆ ತೋರಿಸಿ ಅನ್ನಿ. ಇಬ್ಬರಲ್ಲಿ ಯಾರು ತಡವರಿಸುತ್ತಾರೆ ಅಂತ ನೋಡಿದರೆ ಅರ್ಧ ಉತ್ತರ ಸಿಕ್ಕ ಹಾಗೆ.

ಹಾಳೆ ಹಾಳೆ ಅಂತ ಯಾಕೆ ಹೇಳುತ್ತಿದ್ದೇನೆ ಅಂದರೆ, ಆಫ್ರಿಕಾದ ಮಲಾವಿಯಲ್ಲಿ ಒಂದು ದೇಶದ ಚುನಾವಣೆಯೇ ಅದರ ಮೇಲೆ ನಿಂತಿತ್ತು. 2019ರ ಮೇ ತಿಂಗಳಲ್ಲಿ ಅಲ್ಲಿ ಅಧ್ಯಕ್ಷರ ಚುನಾವಣೆ ನಡೆಯಿತು. ಮತಗಟ್ಟೆಯಲ್ಲೇ ವೋಟು ಎಣಿಸಿ, ಯಾರಿಗೆ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಮೇಲಕ್ಕೆ ಕಳಿಸುವುದು ಅಲ್ಲಿನ ಕ್ರಮ. ಆ ಹಾಳೆಗಳು ಕೋರ್ಟಿನ ಮುಂದೆ ಬಂದಾಗ ಎಷ್ಟೋ ಕಡೆ ವೈಟ್ನರ್ ಬಳಿದದ್ದು ಕಂಡಿತು. ಮೊದಲು ಬರೆದ ಅಂಕಿಯ ಮೇಲೆ ಬಿಳಿ ಪಟ್ಟಿ, ಒಣಗಿದ ಆ ಪಟ್ಟಿಯ ಮೇಲೆ ಬೇರೆ ಅಂಕಿ. ಜನ ವೈಟ್ನರ್ ಬ್ರಾಂಡಿನ ಹೆಸರು ಹಿಡಿದೇ ಅದನ್ನು ‘ಟಿಪ್ಪೆಕ್ಸ್ ಚುನಾವಣೆ’ ಅಂತ ಕರೆದರು. 2020ರ ಫೆಬ್ರವರಿ 3ರಂದು ಐವರು ನ್ಯಾಯಾಧೀಶರು ಗುಂಡು ತಾಗದ ಕವಚ ತೊಟ್ಟು, ಸೈನಿಕರ ಕಾವಲಿನಲ್ಲಿ ಕೋರ್ಟಿಗೆ ಬಂದರು. ಗಂಟೆಗಟ್ಟಲೆ ತೀರ್ಪು ಓದಿದರು. ಚುನಾವಣೆ ರದ್ದಾಯಿತು. ಜೂನ್‌ನಲ್ಲಿ ಮತ್ತೆ ಮತದಾನ ನಡೆದು, ಮೊದಲು ಸೋತಿದ್ದ ಲಾಜರಸ್ ಚಕ್ವೇರಾ ಅಧ್ಯಕ್ಷರಾದರು. ಆ ನ್ಯಾಯಾಧೀಶರ ಧೈರ್ಯ ದೊಡ್ಡದು, ನಿಜ. ಆದರೆ ಕೈಯಲ್ಲಿ ಹಾಳೆ ಇಲ್ಲದಿದ್ದರೆ ಅವರಾದರೂ ಏನು ಮಾಡಬಹುದಿತ್ತು?

ಮೋಸ ಸಾಮಾನ್ಯವಾಗಿ ಗುರುತು ಬಿಟ್ಟೇ ಹೋಗುತ್ತದೆ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ 2018ರಲ್ಲಿ ಸಂಸತ್ತಿನ ಒಂದು ಸೀಟಿಗೆ ರಿಪಬ್ಲಿಕನ್ ಅಭ್ಯರ್ಥಿ 905 ವೋಟುಗಳಿಂದ ಮುಂದಿದ್ದರು. ಅಲ್ಲಿ ಬ್ಲೇಡನ್ ಅಂತ ಒಂದು ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು. ಆ ಕೌಂಟಿಯಲ್ಲಿ ಅಂಚೆ ವೋಟು ಹಾಕಿದವರ ಪೈಕಿ ಆ ಪಕ್ಷದಲ್ಲಿ ನೋಂದಾಯಿಸಿಕೊಂಡವರು 100ಕ್ಕೆ 19 ಜನ. ಆದರೆ ಅಭ್ಯರ್ಥಿಗೆ ಬಿದ್ದದ್ದು 100ಕ್ಕೆ 61 ವೋಟು. ಲೆಕ್ಕ ಕೂಡಲಿಲ್ಲ. ತನಿಖೆ ಮಾಡಿದರೆ, ಕೂಲಿ ಕೊಟ್ಟ ಜನರನ್ನು ಮನೆಮನೆಗೆ ಕಳಿಸಿ ಕಾನೂನು ಮೀರಿ ಮತಪತ್ರ ಸಂಗ್ರಹಿಸಿದ್ದು ಹೊರಬಂತು. ರಾಜ್ಯದ ಚುನಾವಣಾ ಮಂಡಳಿ ಆ ಗೆಲುವನ್ನು ಒಪ್ಪದೆ ಹೊಸದಾಗಿ ಚುನಾವಣೆ ನಡೆಸಿತು.

ಅದೇ ದೇಶದಲ್ಲಿ 2020ರ ಅಧ್ಯಕ್ಷರ ಚುನಾವಣೆಯಲ್ಲಿ ಎದ್ದ ಕೂಗು ಇದಕ್ಕಿಂತ ಎಷ್ಟೋ ದೊಡ್ಡದು. ಜಾರ್ಜಿಯಾ ರಾಜ್ಯದಲ್ಲಿ ಸತ್ತವರ ಹೆಸರಲ್ಲಿ ಸುಮಾರು 5,000 ವೋಟು ಬಿದ್ದಿದೆ ಅಂತ ಬೈಡನ್ ಎದುರು ಸೋತ ಟ್ರಂಪ್ ಹೇಳಿದರು. ಹುಡುಕಿದರೆ ಸಿಕ್ಕಿದ್ದು 4. ಅಲ್ಲಿ ಸುಮಾರು 50 ಲಕ್ಷ ಮತಪತ್ರಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಎಣಿಸಿದರು, ಆಮೇಲೆ ಮತ್ತೊಮ್ಮೆ ಯಂತ್ರದಲ್ಲಿ ಎಣಿಸಿದರು. ಮೊದಲ ಸಲ ಬಿಟ್ಟುಹೋಗಿದ್ದ ಕೆಲವು ಸಾವಿರ ವೋಟು ಸಿಕ್ಕಿದ್ದೂ ನಿಜ. ಅದರಿಂದ ಬೈಡನ್ ಮುನ್ನಡೆ ಸ್ವಲ್ಪ ಇಳಿದು, ಕೊನೆಗೆ 11,779ಕ್ಕೆ ನಿಂತಿತು. ಫಲಿತಾಂಶ ಬದಲಾಗಲಿಲ್ಲ. ತಪ್ಪು ಸಿಕ್ಕಿತು ಅಂದ ಕೂಡಲೇ ‘ನೋಡಿ, ಮೋಸ’ ಅಂತ ಹೇಳುವವರು ತುಂಬ ಜನ. ನನಗೆ ಅದು ಉಲ್ಟಾ ಅನ್ನಿಸುತ್ತದೆ. ಹುಡುಕಿದ್ದಕ್ಕೇ ತಾನೇ ಅದು ಸಿಕ್ಕಿದ್ದು? ಎಂದೂ ಒಂದು ತಪ್ಪೂ ಸಿಗದ ಎಣಿಕೆಯ ಮೇಲೆ ನನಗೆ ಜಾಸ್ತಿ ಅನುಮಾನ.

ಇನ್ನೊಂದು ವಿಷಯ ಸ್ವಲ್ಪ ನೋವಾಗುವಂಥದ್ದು. ನಮ್ಮ ನಂಬಿಕೆ ಬಹಳ ಸಲ ಪುರಾವೆ ನೋಡಿ ಹುಟ್ಟುವುದೇ ಇಲ್ಲ, ಯಾರು ಗೆದ್ದರು ಅಂತ ನೋಡಿ ಹುಟ್ಟುತ್ತದೆ. ಜನಾಭಿಪ್ರಾಯ ಅಳೆಯುವ ಅಮೆರಿಕದ ಪ್ಯೂ ಸಂಸ್ಥೆಯ ಸಮೀಕ್ಷೆಯಲ್ಲಿ, 2020ರ ಚುನಾವಣೆ ಚೆನ್ನಾಗಿ ನಡೆಯಿತು ಅಂದ ಟ್ರಂಪ್ ಮತದಾರರು 100ಕ್ಕೆ 21 ಜನ. 2024ರಲ್ಲಿ ಟ್ರಂಪ್ ಗೆದ್ದ ಮೇಲೆ ಅದೇ ಸಂಖ್ಯೆ 93. ನಾಲ್ಕು ವರ್ಷದಲ್ಲಿ ಎಣಿಸುವ ರೀತಿ ಅಷ್ಟೊಂದು ಬದಲಾಗಿರಲಿಲ್ಲ. ಇದು ಅಲ್ಲಿಯವರ ಮಾತು ಮಾತ್ರ ಅಲ್ಲ. ನಮ್ಮ ಪಕ್ಷ ಗೆದ್ದ ದಿನ ನಾವು ಯಾರಾದರೂ ಲೆಕ್ಕ ಕೇಳಿದ್ದೇವಾ? ಇಲ್ಲ ಅಲ್ವಾ.

ಹಾಗಂತ ಅನುಮಾನ ಪಡುವವರಿಗೆ ‘ಸುಮ್ನೆ ಇರಿ, ತಜ್ಞರು ನೋಡಿಕೊಳ್ಳುತ್ತಾರೆ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಜರ್ಮನಿಯ ಸಂವಿಧಾನ ನ್ಯಾಯಾಲಯವೂ ಒಪ್ಪಲಿಲ್ಲ. 2005ರಲ್ಲಿ ಅಲ್ಲಿ ಬಳಸಿದ ಮತಯಂತ್ರಗಳು ಸಂವಿಧಾನಕ್ಕೆ ಹೊಂದುವುದಿಲ್ಲ ಅಂತ ಅದು 2009ರಲ್ಲಿ ಹೇಳಿತು. ಯಂತ್ರ ಕೆಟ್ಟಿತ್ತು ಅಂತ ಅಲ್ಲ. ಕಂಪ್ಯೂಟರ್ ಜ್ಞಾನ ಇಲ್ಲದ ಸಾಮಾನ್ಯ ಮತದಾರ ತನ್ನ ಕಣ್ಣಲ್ಲೇ ಎಣಿಕೆಯನ್ನು ಪರೀಕ್ಷಿಸಲು ಆಗಬೇಕು, ಆ ಯಂತ್ರಗಳಲ್ಲಿ ಆಗುತ್ತಿರಲಿಲ್ಲ, ಅದಕ್ಕೆ. ತಪ್ಪು ಎಣಿಕೆಯ ಪುರಾವೆ ಇರಲಿಲ್ಲವಾದ್ದರಿಂದ ಆ ಚುನಾವಣೆಯನ್ನು ರದ್ದು ಮಾಡಲಿಲ್ಲ. ಪರೀಕ್ಷಿಸಲಾಗದ ಎಣಿಕೆ ಸರಿಯಲ್ಲ, ಆದರೆ ಮೋಸ ಆಗಿದೆ ಅನ್ನಲು ಪುರಾವೆ ಇಲ್ಲ, ಈ ಎರಡೂ ಮಾತು ಒಟ್ಟಿಗೆ ನಿಜ ಆಗಿರಬಹುದು ಅಂತ ಆ ತೀರ್ಪು ತೋರಿಸಿತು.

ಭಾರತದಲ್ಲಿ ಯಂತ್ರದ ಜೊತೆ, ಯಾರಿಗೆ ವೋಟು ಬಿತ್ತು ಅಂತ ತೋರಿಸುವ ವಿವಿಪ್ಯಾಟ್ ಚೀಟಿ ಬಂದದ್ದೂ ಇದೇ ಕಾರಣಕ್ಕೆ. ಗಾಜಿನ ಹಿಂದೆ 7 ಸೆಕೆಂಡು ಕಾಣುತ್ತದೆ, ಆಮೇಲೆ ಡಬ್ಬಿಗೆ ಬೀಳುತ್ತದೆ. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ 5 ಮತಗಟ್ಟೆಗಳ ಚೀಟಿ ಎಣಿಸಿ ಯಂತ್ರದ ಲೆಕ್ಕಕ್ಕೆ ತಾಳೆ ನೋಡುತ್ತಾರೆ. ಅದಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವುದು 17ಸಿ ಫಾರಂ. ಮತದಾನ ಮುಗಿದ ಕೂಡಲೇ ಆ ಯಂತ್ರದಲ್ಲಿ ಒಟ್ಟು ಎಷ್ಟು ವೋಟು ಬಿದ್ದಿದೆ ಅಂತ ಅಧಿಕಾರಿ ಅದರಲ್ಲಿ ಬರೆದು, ಪಕ್ಷಗಳ ಏಜೆಂಟರಿಗೆ ಪ್ರತಿ ಕೊಡಬೇಕು. ಎಣಿಕೆಯ ದಿನ ಸಂಖ್ಯೆ ಅದಕ್ಕೆ ಕೂಡಬೇಕು. ಮೋಸ ಅನ್ನುವ ಪಕ್ಷದವರನ್ನು ‘ನಿಮ್ಮ ಏಜೆಂಟರ ಹತ್ತಿರ 17ಸಿ ಇದೆಯಾ?’ ಅಂತ ಕೇಳಿ ನೋಡಿ. ಆ ಬೂತಿನಲ್ಲಿ ಏಜೆಂಟರೇ ಕೂತಿರಲಿಲ್ಲ ಅಂದರೆ ಅದೂ ಒಂದು ಉತ್ತರವೇ.

ಹಾಳೆ ಇದ್ದೂ ತೋರಿಸದಿದ್ದರೆ? ಆಗ ಅನುಮಾನ ಪಡುವುದೇ ಸರಿ. ವೆನೆಜುವೆಲಾದಲ್ಲಿ 2024ರ ಜುಲೈ 28ರಂದು ಹಾಗೇ ಆಯಿತು. ಮತದಾನ ಮುಗಿದ ಮೇಲೆ ಅಲ್ಲಿನ ಯಂತ್ರ ಪ್ರತಿ ಅಭ್ಯರ್ಥಿಗೆ ಬಿದ್ದ ವೋಟಿನ ಉದ್ದನೆಯ ಚೀಟಿಯನ್ನು ಮುದ್ರಿಸುತ್ತದೆ, ಪಕ್ಷಗಳ ಪ್ರತಿನಿಧಿಗಳಿಗೂ ಒಂದು ಪ್ರತಿ. ಆಗಿನ ಅಧ್ಯಕ್ಷ ಮಡೂರೊ ಗೆದ್ದರು ಅಂತ ಚುನಾವಣಾ ಆಯೋಗ ಘೋಷಿಸಿತು. ವಿರೋಧ ಪಕ್ಷದವರು 100ಕ್ಕೆ 80ಕ್ಕೂ ಹೆಚ್ಚು ಯಂತ್ರಗಳ ಚೀಟಿ ಒಟ್ಟುಮಾಡಿ, ಸ್ಕ್ಯಾನ್ ಮಾಡಿ, ಎಲ್ಲರೂ ನೋಡುವ ಹಾಗೆ ಇಂಟರ್ನೆಟ್ಟಿನಲ್ಲಿ ಹಾಕಿದರು. ಅವುಗಳ ಪ್ರಕಾರ ಗೆದ್ದವರು ಬೇರೆ. ಸರಿಯಾದ ಲೆಕ್ಕ ನಿಮ್ಮದಾದರೆ ನಿಮ್ಮ ಚೀಟಿಗಳನ್ನೂ ತೋರಿಸಿ ಅಂತ ಬೇರೆ ಬೇರೆ ದೇಶಗಳು ಕೇಳಿದವು. ಆಯೋಗ ಮತಗಟ್ಟೆವಾರು ಲೆಕ್ಕ ಕೊಡಲೇ ಇಲ್ಲ.