ಬೈಬಲಿನಲ್ಲಿ ಒಂಟಿಕೊಂಬಿನ ಪ್ರಾಣಿ ಇದೆಯೇ?

ಪ್ರಶ್ನೆ: 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಬೈಬಲಿನಲ್ಲಿ ‘ಯೂನಿಕಾರ್ನ್’ ಹಲವು ಕಡೆ ಬರುತ್ತದೆ. ಕಟ್ಟುಕತೆಯ ಪ್ರಾಣಿ ಧರ್ಮಗ್ರಂಥದೊಳಗೆ ಬಂದದ್ದು ಹೇಗೆ?

ಉತ್ತರ: ಅನುವಾದದ ದಾರಿಯಲ್ಲಿ ಬಂತು. ಮೂಲ ಹೀಬ್ರೂವಿನಲ್ಲಿರುವ ಪದ ‘ರೆಏಮ್’. ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯಲ್ಲಿ ಒಂಬತ್ತು ಸಲ ಬರುವ ಈ ಪದಕ್ಕೆ ಕಾಡುಗೂಳಿ ಎಂಬ ಅರ್ಥವನ್ನೇ ಇಂದಿನ ಬಹುತೇಕ ವಿದ್ವಾಂಸರು ಒಪ್ಪುತ್ತಾರೆ.

ನಿಘಂಟು ತೆರೆಯುವ ಮೊದಲು ಹಳೆಯ ಒಡಂಬಡಿಕೆಯ ಯೋಬನ ಪುಸ್ತಕದ 39ನೆಯ ಅಧ್ಯಾಯ ಓದಿ. ದೇವರು ಯೋಬನನ್ನು ಕೇಳುತ್ತಾನೆ: ರೆಏಮ್ ನಿನ್ನ ಚಾಕರಿ ಮಾಡೀತೇ? ರಾತ್ರಿ ನಿನ್ನ ಗೋದಲಿಯ ಬಳಿ ತಂಗೀತೇ? ಹಗ್ಗ ಕಟ್ಟಿ ಅದನ್ನು ನೇಗಿಲ ಸಾಲಿಗೆ ಇಳಿಸಬಲ್ಲೆಯಾ? ನಿನ್ನ ಕಾಳನ್ನು ಕಣಕ್ಕೆ ತಂದೀತೆಂದು ನಂಬುವೆಯಾ? ಗೋದಲಿ, ಹಗ್ಗ, ಉಳುಮೆ, ಕಣ ಎಲ್ಲವೂ ಎತ್ತಿನ ಬದುಕಿಗೆ ಸೇರಿದ ಮಾತು. ನೋಡಲು ಎತ್ತಿನ ಜಾತಿಯದೇ ಆಗಿದ್ದು ನೊಗಕ್ಕೆ ಮಾತ್ರ ಬಗ್ಗದ ಪ್ರಾಣಿಯನ್ನು ಕುರಿತು ಕೇಳಿದಾಗಲೇ ಈ ಪ್ರಶ್ನೆಗಳು ನಾಟುತ್ತವೆ. ಇಡೀ ಚರ್ಚೆಯಲ್ಲಿ ನನಗೆ ಅತಿ ಗಟ್ಟಿ ಎನಿಸುವ ಆಧಾರ ಇದೇ.

ಬೈಬಲಿನ 29ನೆಯ ಕೀರ್ತನೆಯಲ್ಲೂ ರೆಏಮ್ ಕರುವಿಗೆ ಜೋಡಿಯಾಗಿಯೇ ಬರುತ್ತದೆ. ಇನ್ನು ಕೊಂಬಿನ ಲೆಕ್ಕ. ಧರ್ಮೋಪದೇಶಕಾಂಡ 33:17ರಲ್ಲಿ ಇಸ್ರೇಲಿನ ಪೂರ್ವಜರಲ್ಲೊಬ್ಬನಾದ ಯೋಸೇಫನಿಗೆ ರೆಏಮಿನ ‘ಕೊಂಬುಗಳು’ ಇವೆ. ಪ್ರಾಣಿ ಒಂದು, ಕೊಂಬುಗಳು ಹಲವು. ಅದೇ ವಚನ ಅವನ ಇಬ್ಬರು ಮಕ್ಕಳಾದ ಎಫ್ರಾಯೀಮ್, ಮನಸ್ಸೆಯರ ಕುಲಗಳನ್ನು ಹೆಸರಿಸಿ ಮುಗಿಯುತ್ತದೆ: ಎರಡು ಕುಲ, ಎರಡು ಕೊಂಬು. ಒಂದೇ ಕೊಂಬಿನ ಪ್ರಾಣಿಗೆ ಕೊಂಬುಗಳು ಹೇಗೆ ಎಂಬ ಇಕ್ಕಟ್ಟಿಗೆ ಸಿಕ್ಕಿದ ಇಂಗ್ಲಿಷ್ ಅನುವಾದಕರು ಪ್ರಾಣಿಯನ್ನೇ ಬಹುವಚನ ಮಾಡಿ, ಹೀಬ್ರೂವಿನಲ್ಲಿ ಏಕವಚನವಿದೆ ಎಂದು ಅಂಚಿನಲ್ಲಿ ಪ್ರಾಮಾಣಿಕವಾಗಿ ಬರೆದರು.

ಒಂಟಿಕೊಂಬು ಅವರ ಕಲ್ಪನೆಯೇನಲ್ಲ. ಕ್ರಿಸ್ತಪೂರ್ವದ ಗ್ರೀಕ್ ಅನುವಾದದಲ್ಲೇ ‘ಮೊನೋಕೆರೋಸ್’, ಅಂದರೆ ಒಂದು ಕೊಂಬಿನದು, ಎಂದಿತ್ತು. ಚರ್ಚಿನ ವಿದ್ವಾಂಸ ಜೆರೋಮನ ಲ್ಯಾಟಿನ್ ಬೈಬಲ್ ಕೆಲವೆಡೆ ಅದನ್ನು ಘೇಂಡಾಮೃಗವಾಗಿಸಿತು.

ರೆಏಮ್ ಎಂದರೆ ಬಹುಶಃ ಆರಾಕ್ಸ್, ಸಾಕುದನಗಳ ಕಾಡು ಪೂರ್ವಜ. ಪ್ರಾಚೀನ ಮೆಸೊಪೊಟೇಮಿಯದ ಅಕ್ಕಾಡಿಯನ್ ಭಾಷೆಯಲ್ಲಿ ‘ರೀಮು’ ಎಂಬ ಸೋದರ ಪದ ಕಾಡುಗೂಳಿಗೇ ಇದೆ. ಅಸ್ಸೀರಿಯದ ಅರಸರು ಅದನ್ನು ಬೇಟೆಯಾಡುವ ಶಿಲ್ಪಗಳೂ ಉಳಿದಿವೆ. ಕೊನೆಯ ಆರಾಕ್ಸ್ ಪೋಲೆಂಡಿನ ಯಾಕ್ಟೊರುಫ್ ಕಾಡಿನಲ್ಲಿ ಸತ್ತದ್ದು 1627ರಲ್ಲಿ. ಅಂದರೆ ಕಿಂಗ್ ಜೇಮ್ಸ್ ಬೈಬಲ್ ಅಚ್ಚಾದಾಗ ಅದು ಇನ್ನೂ ಬದುಕಿತ್ತು! ನಮ್ಮ ಮಲೆನಾಡಿನ ಕಾಟಿ ಅದರ ಹತ್ತಿರದ ಬಂಧು, ಆದರೆ ಬೇರೆಯೇ ಪ್ರಭೇದ.

ಇಂದಿನ ಹೀಬ್ರೂ ನಿಘಂಟು ನೋಡುವವರಿಗೆ ಒಂದು ಎಚ್ಚರಿಕೆ: ಅಲ್ಲಿ ‘ರೆಏಮ್’ ಎಂದರೆ ನೀಳ ಕೊಂಬಿನ ಓರಿಕ್ಸ್ ಜಿಂಕೆ. ಆ ಅರ್ಥವನ್ನು ಯೋಬನ ಪುಸ್ತಕಕ್ಕೆ ಹಚ್ಚಬೇಡಿ.