ಕವರ್ ವರ್ಷನ್ ಅಂದರೇನು? ಒಂದು ಕಾರು, ಎರಡು ಸ್ಟಿಕ್ಕರ್

ಯೂಟ್ಯೂಬ್‌ನಲ್ಲಿ ಯಾವುದಾದರೂ ಹಿಟ್ ಕನ್ನಡ ಹಾಡು ಹುಡುಕಿ ನೋಡಿ. ಮೂಲ ಹಾಡಿನ ಹಿಂದೆಯೇ ಗಿಟಾರ್ ಹಿಡಿದು ಕೂತ ಹುಡುಗ ಹುಡುಗಿಯರ ವೀಡಿಯೊಗಳು ಸಾಲಾಗಿ ಬರುತ್ತವೆ. ಹೆಸರಿನ ಕೊನೆಯಲ್ಲಿ 'ಕವರ್' ಅಂತ ಇರುತ್ತದೆ. ಒಬ್ಬರು ಬರೆದು, ಆಗಲೇ ರೆಕಾರ್ಡ್ ಆಗಿ ಹೊರಬಂದ ಹಾಡನ್ನು ಬೇರೆಯವರು ತಾವೇ ಹಾಡಿ, ನುಡಿಸಿ, ಹೊಸದಾಗಿ ರೆಕಾರ್ಡ್ ಮಾಡಿದರೆ ಅದು ಕವರ್ ವರ್ಷನ್.

ಇದನ್ನು ರೀಮಿಕ್ಸ್ ಜೊತೆ ಸೇರಿಸಬೇಡಿ. ರೀಮಿಕ್ಸ್‌ನಲ್ಲಿ ಹಳೇ ರೆಕಾರ್ಡಿಂಗ್ ಇದ್ದೇ ಇರುತ್ತದೆ, ಅದರ ಮೇಲೆ ಕೆಲಸ ನಡೆಯುತ್ತದೆ. ಕವರ್‌ನಲ್ಲಿ ಹಳೇ ರೆಕಾರ್ಡಿಂಗ್‌ನ ಒಂದು ಸೆಕೆಂಡೂ ಇರುವುದಿಲ್ಲ. ಉಳಿಯುವುದು ಟ್ಯೂನ್ ಮತ್ತು ಸಾಹಿತ್ಯ ಮಾತ್ರ. ಶಿಶುನಾಳ ಷರೀಫರ ತತ್ವಪದಗಳನ್ನು ಸಿ. ಅಶ್ವತ್ಥ್ ಹಾಡಿದರು, ಆಮೇಲೆ ರಘು ದೀಕ್ಷಿತ್ ತಮ್ಮ ಬ್ಯಾಂಡ್ ಜೊತೆ ಹಾಡಿದರು. ಅವನ್ನು ಕವರ್ ಅನ್ನುವುದು ಅಷ್ಟು ಸರಿ ಹೋಗಲ್ಲ. ಷರೀಫರ ಪದಗಳು ರೆಕಾರ್ಡಿಂಗ್ ಬರುವ ಮೊದಲೇ ಜನರ ಬಾಯಲ್ಲಿದ್ದವು. ಕವರ್ ಅನ್ನಬೇಕಾದರೆ 'ಇದೇ ಮೂಲ' ಅಂತ ತೋರಿಸಬಹುದಾದ ಒಂದು ರೆಕಾರ್ಡ್ ಇರಬೇಕು.

ಈ ಮಾತು ಹುಟ್ಟಿದ್ದು ಅಮೆರಿಕದ ರೆಕಾರ್ಡ್ ವ್ಯಾಪಾರದಲ್ಲಿ. 1940 ಮತ್ತು 50ರ ದಶಕದಲ್ಲಿ ಒಂದು ಕಂಪನಿಯ ಹಾಡು ಓಡಲು ಶುರುವಾದರೆ ಸಾಕು, ಇನ್ನೊಂದು ಕಂಪನಿ ಅದೇ ಹಾಡನ್ನು ತನ್ನ ಗಾಯಕರಿಂದ ಹಾಡಿಸಿ ಬೇಗ ಬೇಗ ಅಂಗಡಿಗೆ ಕಳಿಸುತ್ತಿತ್ತು. ಕಪ್ಪು ಗಾಯಕ ಲಿಟ್ಲ್ ರಿಚರ್ಡ್ ಹಾಡಿದ 'ಟುಟ್ಟಿ ಫ್ರುಟ್ಟಿ' ಹೊರಬಂದದ್ದು 1955ರಲ್ಲಿ. ಕೂಡಲೇ ಬಿಳಿಯ ಗಾಯಕ ಪ್ಯಾಟ್ ಬೂನ್ ಅದನ್ನೇ ಹಾಡಿದರು. 1956ರಲ್ಲಿ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಪಾಪ್ ಹಾಡುಗಳ ಪಟ್ಟಿಯಲ್ಲಿ ರಿಚರ್ಡ್ ಹಾಡು 17ರವರೆಗೆ ಏರಿತು, ಬೂನ್ ಹಾಡಿದ್ದು 12ರವರೆಗೆ. ಕಪ್ಪು ಗಾಯಕರ ರೆಕಾರ್ಡ್ ಹಾಕಲು ಹಿಂದೆಮುಂದೆ ನೋಡುತ್ತಿದ್ದ ರೇಡಿಯೊಗಳು ಬಿಳಿಯ ಗಾಯಕರ ಕವರನ್ನು ಖುಷಿಯಿಂದ ಹಾಕುತ್ತಿದ್ದವು. ಹಾಗಾಗಿ ಈ ಪದಕ್ಕೆ ಹುಟ್ಟುವಾಗಲೇ ಒಂದು ಕಳಂಕ ಅಂಟಿಕೊಂಡಿದೆ. ಅದನ್ನು ಮರೆಯಬಾರದು.

ಅರವತ್ತರ ದಶಕದಲ್ಲಿ ಬ್ಯಾಂಡುಗಳು ತಮ್ಮ ಹಾಡನ್ನು ತಾವೇ ಬರೆಯುವುದು ರೂಢಿಯಾಯಿತು. ಆಮೇಲೆ ಯಾರಾದರೂ ಬೇರೆಯವರ ಹಾಡು ಎತ್ತಿಕೊಂಡರೆ, 'ಇದೇ ಯಾಕೆ?' ಅನ್ನುವ ಪ್ರಶ್ನೆ ಏಳತೊಡಗಿತು. ಆ ಪ್ರಶ್ನೆಗೆ ಒಂದೇ ಒಂದು ಹೆಸರು ಬದಲಿಸಿ ಉತ್ತರ ಕೊಟ್ಟ ಕವರ್ ಒಂದಿದೆ.

1984ರ 'ದಿ ಬಾಯ್ಸ್ ಆಫ್ ಸಮ್ಮರ್'. ಹಾಡಿದವರು, ಸಾಹಿತ್ಯ ಬರೆದವರು ಡಾನ್ ಹೆನ್ಲಿ. 'ಹೋಟೆಲ್ ಕ್ಯಾಲಿಫೋರ್ನಿಯಾ' ಹಾಡಿದ ಈಗಲ್ಸ್ ಬ್ಯಾಂಡಿನ ಡ್ರಮ್ಮರ್, ಅದೇ ದನಿ. ಈಗಲ್ಸ್ 1980ರಲ್ಲಿ ಒಡೆದಿತ್ತು, ಹೆನ್ಲಿ ಒಬ್ಬರೇ ಹಾಡು ಮಾಡುತ್ತಿದ್ದರು. ಟ್ಯೂನ್ ಮಾತ್ರ ಅವರದಲ್ಲ. ಟಾಮ್ ಪೆಟ್ಟಿಯ ಬ್ಯಾಂಡಿನ ಗಿಟಾರ್ ವಾದಕ ಮೈಕ್ ಕ್ಯಾಂಪ್‌ಬೆಲ್ ಮನೆಯಲ್ಲಿ ಲಿನ್‌ಡ್ರಮ್ ಅನ್ನುವ ಡ್ರಮ್ ಮಷಿನ್ ಇಟ್ಟುಕೊಂಡು ಕಟ್ಟಿದ ಟ್ಯೂನ್ ಅದು. ಪೆಟ್ಟಿ ಆಗ ಮಾಡುತ್ತಿದ್ದ ಆಲ್ಬಂಗೆ ಅದು ಹೊಂದಲಿಲ್ಲ, ಹೆನ್ಲಿ ಕೈಗೆ ಬಂತು. ಅವರು ಮಾತು ಬರೆದರು.

ಹಾಡಿನ ಕಥೆ ಸರಳ. ಬೇಸಿಗೆ ಮುಗಿದಿದೆ, ಬೀಚ್ ಖಾಲಿ, ರಸ್ತೆ ಖಾಲಿ. ಒಬ್ಬ ಗಂಡಸು ಹಳೇ ಹುಡುಗಿಯ ಮನೆ ಮುಂದೆ ಕಾರಲ್ಲಿ ಹಾದುಹೋಗುತ್ತಾನೆ. ಮಷಿನ್ ತಾಳ ಒಂದೇ ಸಮ ಬಡಿಯುತ್ತಿರುತ್ತದೆ, ಮೇಲೆ ಸಿಂಥಸೈಸರ್, ನಡುವೆ ದೂರದಿಂದ ಕೇಳಿಬಂದಂತೆ ಕ್ಯಾಂಪ್‌ಬೆಲ್ ಗಿಟಾರ್. ಹೆನ್ಲಿಗೆ ಆಗ 37 ವರ್ಷ. ಹಳೇ ಪ್ರೇಮದ ಹಾಡು ಅಂದುಕೊಂಡು ಕೇಳುತ್ತಿರುವಾಗಲೇ ಕೊನೆಯ ಚರಣದಲ್ಲಿ ಅದು ಬೇರೆ ಕಡೆ ತಿರುಗುತ್ತದೆ. ರಸ್ತೆಯಲ್ಲಿ ಒಂದು ಕ್ಯಾಡಿಲಾಕ್ ಕಾರು ಕಾಣುತ್ತದೆ. ಅದರ ಮೇಲೆ 'ಡೆಡ್‌ಹೆಡ್' ಸ್ಟಿಕ್ಕರ್.

ಡೆಡ್‌ಹೆಡ್ ಅಂದರೆ ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ ಅಭಿಮಾನಿ. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಈ ಬ್ಯಾಂಡ್ ಹಿಪ್ಪಿಗಳ ಕಣ್ಮಣಿ. ಅಭಿಮಾನಿಗಳು ಮನೆ ಮಠ ಬಿಟ್ಟು ಊರಿಂದೂರಿಗೆ ಬ್ಯಾಂಡಿನ ಹಿಂದೆ ಅಲೆಯುತ್ತಿದ್ದರು. ದುಡ್ಡು ಬೇಡ, ಆಸ್ತಿ ಬೇಡ ಅಂದವರ ಗುರುತು ಆ ಸ್ಟಿಕ್ಕರ್. ಕ್ಯಾಡಿಲಾಕ್ ದುಡ್ಡಿದ್ದವರ ಕಾರು. ಎರಡೂ ಒಂದೇ ಕಡೆ ಇವೆ ಅಂದರೆ ಅರ್ಥವಾಯ್ತಲ್ವಾ? ಅಂದು ಬೇಡ ಅಂದವನು ಇಂದು ಎಲ್ಲಾ ಕೊಂಡುಕೊಂಡಿದ್ದಾನೆ. ಹಳೇ ನೆನಪಿಗೆ ಸುಮ್ನೆ ಒಂದು ಸ್ಟಿಕ್ಕರ್ ಅಂಟಿಸಿದ್ದಾನೆ. ಸ್ಯಾನ್ ಡಿಯಾಗೋ ಫ್ರೀವೇಯಲ್ಲಿ ಹೋಗುವಾಗ ಅಂಥದ್ದೇ ಕಾರು ತಮ್ಮನ್ನು ದಾಟಿ ಮುಂದೆ ಹೋಯಿತು, ಆ ಸಾಲು ಅಲ್ಲಿಂದ ಬಂತು ಅಂತ ಹೆನ್ಲಿ ಆಮೇಲೆ ಹೇಳಿದ್ದಾರೆ. ಆ ಸಾಲು ಬಂದ ಕೂಡಲೇ ಹಿಂದಿನ ಎರಡು ಚರಣಗಳ ಅರ್ಥವೂ ಬದಲಾಗುತ್ತದೆ. ಕಳೆದುಹೋದದ್ದು ಒಬ್ಬ ಹುಡುಗಿ ಮಾತ್ರ ಅಲ್ಲ, ಒಂದು ಇಡೀ ತಲೆಮಾರಿನ ಮಾತು.

ಹಾಡು ಅಮೆರಿಕದಲ್ಲಿ 5ನೇ ಸ್ಥಾನಕ್ಕೆ ಏರಿತು. ಹೆನ್ಲಿಗೆ ಗ್ರ್ಯಾಮಿ ಬಂತು. ಝಾನ್-ಬಾಪ್ಟಿಸ್ಟ್ ಮೊಂಡಿನೊ ತೆಗೆದ ಕಪ್ಪು ಬಿಳುಪು ವೀಡಿಯೊ 1985ರಲ್ಲಿ ಎಂಟಿವಿಯ ವರ್ಷದ ವೀಡಿಯೊ ಆಯಿತು.

ಇನ್ನು 2003. ಇಂಡಿಯಾನಾ ರಾಜ್ಯದ ಆಂಡರ್ಸನ್ ಅನ್ನುವ ಊರಿನಿಂದ ಬಂದ 'ದಿ ಅಟಾರಿಸ್' ಒಂದು ಪಂಕ್ ರಾಕ್ ಬ್ಯಾಂಡ್. ಪಂಕ್ ಅಂದರೆ ಜೋರು, ವೇಗ, ಒರಟು ಧಾಟಿಯ ರಾಕ್. ಹಾಡುಗಾರ ಕ್ರಿಸ್ ರೋ. ಅವರ 'ಸೋ ಲಾಂಗ್, ಅಸ್ಟೋರಿಯಾ' ಆಲ್ಬಂನಲ್ಲಿ ಈ ಹಾಡಿದೆ. ಶುರುವಿನ ಗಿಟಾರ್ ಎಳೆ ಕ್ಯಾಂಪ್‌ಬೆಲ್ ಅವರದೇ, ಕೇಳಿದ ತಕ್ಷಣ ಗುರುತು ಸಿಗುತ್ತದೆ. ಮಷಿನ್ ಹೋಗಿ ನಿಜವಾದ ಡ್ರಮ್ ಬಂದಿದೆ. ಸಿಂಥಸೈಸರ್ ಇದ್ದ ಜಾಗವನ್ನೆಲ್ಲ ಗೊರಗುಟ್ಟುವ ಗಿಟಾರ್ ತುಂಬಿಕೊಂಡಿದೆ. ಹೆನ್ಲಿ ನಿಟ್ಟುಸಿರು ಬಿಟ್ಟು ಹಾಡಿದ ಪಲ್ಲವಿಯನ್ನು ರೋ ಗಂಟಲು ಬಿಚ್ಚಿ ಕೂಗುತ್ತಾರೆ. ಇಷ್ಟೇ ಆಗಿದ್ದರೆ ಹಳೇ ಪಾಪ್ ಹಾಡನ್ನು ರಾಕ್ ಮಾಡಿದ ನೂರಾರು ಕವರುಗಳಲ್ಲಿ ಇದೂ ಒಂದು ಆಗಿರುತ್ತಿತ್ತು.

ಕೊನೆಯ ಚರಣದಲ್ಲಿ ಕ್ಯಾಡಿಲಾಕ್ ಹಾಗೇ ಇದೆ. ಸ್ಟಿಕ್ಕರ್ ಬೇರೆ. ಅದರಲ್ಲಿ ಈಗ ಇರುವುದು 'ಬ್ಲ್ಯಾಕ್ ಫ್ಲ್ಯಾಗ್' ಹೆಸರು.

ಬ್ಲ್ಯಾಕ್ ಫ್ಲ್ಯಾಗ್ 1976ರಲ್ಲಿ ಕ್ಯಾಲಿಫೋರ್ನಿಯಾದ ಹರ್ಮೋಸಾ ಬೀಚ್‌ನಲ್ಲಿ ಹುಟ್ಟಿದ ಹಾರ್ಡ್‌ಕೋರ್ ಪಂಕ್ ಬ್ಯಾಂಡ್. ದೊಡ್ಡ ಕಂಪನಿಗಳ ಹಂಗಿಲ್ಲದೆ ತಮ್ಮದೇ ಲೇಬಲ್‌ನಲ್ಲಿ ರೆಕಾರ್ಡ್ ತಂದರು, ವ್ಯಾನ್‌ನಲ್ಲಿ ಊರೂರು ಸುತ್ತಿದರು. ನಾಲ್ಕು ಕಪ್ಪು ಪಟ್ಟಿಗಳ ಅವರ ಲೋಗೋವನ್ನು ಹುಡುಗರು ಮೈಮೇಲೆ ಹಚ್ಚೆ ಹಾಕಿಸಿಕೊಂಡರು. 1986ರಲ್ಲಿ ಬ್ಯಾಂಡ್ ಒಡೆಯಿತು. ಹಿಪ್ಪಿಗಳನ್ನು ಕಂಡರೆ ಪಂಕ್ ಹುಡುಗರಿಗೆ ಆಗುತ್ತಿರಲಿಲ್ಲ, 'ನಾವು ನಿಮ್ಮ ಹಾಗೆ ಆಗುವುದಿಲ್ಲ' ಅನ್ನುವುದೇ ಅವರ ಹಟ. 2003ರ ಹೊತ್ತಿಗೆ ಆ ಹುಡುಗರಿಗೂ ಹೆಚ್ಚುಕಡಿಮೆ ಹೆನ್ಲಿ ಆ ಸಾಲು ಬರೆದಾಗಿನ ವಯಸ್ಸು. ಅವರೂ ಅದೇ ಕಾರಿನಲ್ಲಿ ಕೂತಿದ್ದಾರೆ.

ಹಳೇ ಸ್ಟಿಕ್ಕರ್ ಇಟ್ಟುಕೊಂಡೇ ರೋ ಹಾಡಿದ್ದರೆ ಅದು ಅವರ ಅಪ್ಪನ ವಯಸ್ಸಿನವರ ಬೇಸರ ಆಗುತ್ತಿತ್ತು. ಬೇರೆ ಏನೇನೋ ಬದಲಿಸಿದ್ದರೆ ಹೆನ್ಲಿ ಹಾಡೇ ಉಳಿಯುತ್ತಿರಲಿಲ್ಲ. ಒಂದು ಬ್ಯಾಂಡಿನ ಹೆಸರು ತೆಗೆದು ಇನ್ನೊಂದು ಇಟ್ಟರು, ಹಾಡು ಅವರ ತಲೆಮಾರಿನದೂ ಆಯಿತು. ಒಳ್ಳೆ ಕವರ್ ಯಾವುದು ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಜಾಗವನ್ನೇ. ಬೇರೆಯವರ ಮಾತನ್ನು ಹೇಳಲು ಹಾಡುವವರಿಗೆ ತಮ್ಮದೇ ಆದ ಕಾರಣ ಇರಬೇಕು, ಅದು ಕೇಳುವವರ ಕಿವಿಗೆ ಬೀಳಬೇಕು. ಎಷ್ಟು ಜೋರಾಗಿ ನುಡಿಸಿದರು, ಎಷ್ಟು ಬದಲಿಸಿದರು ಅನ್ನುವುದೆಲ್ಲ ಆಮೇಲಿನ ಮಾತು.

ಅಟಾರಿಸ್ ಹಾಡು ಅಮೆರಿಕದಲ್ಲಿ 20ನೇ ಸ್ಥಾನ ಮುಟ್ಟಿತು. ಆದರೆ ದುಡ್ಡಿನ ಲೆಕ್ಕ ಬೇರೆಯೇ ಇದೆ. ಕವರ್ ಒಂದು ಬಾಡಿಗೆ ಮನೆ: ಬಣ್ಣ ನಿಮ್ಮದು, ಸಾಮಾನು ನಿಮ್ಮದು, ಬಾಡಿಗೆ ಮಾತ್ರ ಮಾಲೀಕರಿಗೆ. ಆಗ ಅಮೆರಿಕದಲ್ಲಿ ಇಂಥ ಹಾಡಿನ ಪ್ರತಿಯೊಂದು ಪ್ರತಿಗೆ ಕಾನೂನು ಗೊತ್ತು ಮಾಡಿದ್ದ ದರ 8 ಸೆಂಟ್, ಅದು ಹಾಡು ಬರೆದವರ ಪಾಲು. ರೇಡಿಯೊ ವಿಷಯ ಇನ್ನೂ ವಿಚಿತ್ರ. ಅಲ್ಲಿನ ಎಎಂ, ಎಫ್‌ಎಂ ಕೇಂದ್ರಗಳು ಹಾಡು ಹಾಕಿದರೆ ಬರೆದವರಿಗೆ ದುಡ್ಡು ಕೊಡುತ್ತವೆ, ಹಾಡಿ ನುಡಿಸಿದವರಿಗೆ ಕೊಡುವುದಿಲ್ಲ. ಅಂದರೆ ಅಟಾರಿಸ್ ಹಾಡು ಆ ಕೇಂದ್ರಗಳಲ್ಲಿ ಬಂದಾಗೆಲ್ಲ ರಾಯಲ್ಟಿ ಹೆನ್ಲಿ ಮತ್ತು ಕ್ಯಾಂಪ್‌ಬೆಲ್ ಲೆಕ್ಕಕ್ಕೆ.

ಎಲ್ಲಾ ಕವರುಗಳೂ ಹೊಸ ಅರ್ಥ ಹುಡುಕಿಕೊಂಡು ಹೋಗುವುದಿಲ್ಲ. ಟೋಟೋ ಬ್ಯಾಂಡಿನ 1982ರ 'ಆಫ್ರಿಕಾ' ಹಾಡನ್ನು ವೀಜರ್ ಅನ್ನುವ ರಾಕ್ ಬ್ಯಾಂಡ್ 2018ರಲ್ಲಿ ಹಾಡಿತು. ಅಭಿಮಾನಿಯೊಬ್ಬಳು ಟ್ವಿಟ್ಟರ್‌ನಲ್ಲಿ ಬೆನ್ನು ಬಿಡದೆ ಕೇಳಿದ್ದಕ್ಕೆ ಹಾಡಿದ್ದು. ಮೂಲಕ್ಕೆ ತುಂಬಾ ಹತ್ತಿರ ಇದೆ. ಅದಕ್ಕೆ ಪ್ರತಿಯಾಗಿ ಟೋಟೋ ವೀಜರ್‌ನ 'ಹ್ಯಾಶ್ ಪೈಪ್' ಹಾಡಿತು. ಪ್ರೀತಿಯಿಂದ ಆಡಿದ ಆಟ ಅದು, ನನಗೆ ಇಷ್ಟವೇ. ಆದರೆ ಮತ್ತೆ ಕೇಳಬೇಕು ಅನಿಸಿದಾಗ ಕೈ ಟೋಟೋ ಕಡೆಗೇ ಹೋಗುತ್ತದೆ.

ಎಷ್ಟರ ಮಟ್ಟಿಗೆ ಬದಲಿಸಬಹುದು? ಅಮೆರಿಕದ ಕಾನೂನಿನಲ್ಲಿ ಒಮ್ಮೆ ಒಪ್ಪಿಗೆಯಿಂದ ಹೊರಬಂದ ಹಾಡನ್ನು ಯಾರು ಬೇಕಾದರೂ, ಗೊತ್ತುಮಾಡಿದ ದುಡ್ಡು ಕಟ್ಟಿ ಹಾಡಬಹುದು. ತಮ್ಮ ಧಾಟಿಗೆ ಹೊಂದಿಸಿಕೊಳ್ಳಬಹುದು. ಮೂಲ ಟ್ಯೂನ್ ಮತ್ತು ಹಾಡಿನ ಮೂಲ ಗುಣ ಬದಲಾಗಬಾರದು. ನಮ್ಮಲ್ಲಿ ನಿಯಮ ಜಾಸ್ತಿ ಬಿಗಿ. 2012ರ ತಿದ್ದುಪಡಿಯಲ್ಲಿ ಕಾಪಿರೈಟ್ ಕಾಯ್ದೆಗೆ 31ಸಿ ಅನ್ನುವ ಸೆಕ್ಷನ್ ಸೇರಿತು. ಮೊದಲ ರೆಕಾರ್ಡಿಂಗ್ ಆದ ವರ್ಷ ಮುಗಿದು 5 ವರ್ಷ ಕಳೆಯುವವರೆಗೆ ಈ ಸೆಕ್ಷನ್ ಅಡಿ ಕವರ್ ಮಾಡುವಂತಿಲ್ಲ. ಮೊದಲೇ ನೋಟಿಸ್ ಕೊಡಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿ ಕಟ್ಟಬೇಕು. ಇದು ಕವರ್ ಅಂತ ಮೇಲೆ ಬರೆದಿರಬೇಕು. ಒಪ್ಪಿಗೆ ಇಲ್ಲದೆ ಮಾತು ಬದಲಿಸಬಾರದು. ಸಿಡಿ ಮಾರುವ ಕಂಪನಿಗಳನ್ನು ಮನಸ್ಸಲ್ಲಿಟ್ಟು ಬರೆದ ನಿಯಮ ಇದು, ರೂಮಿನಲ್ಲಿ ಕೂತು ಹಾಡಿ ಅಪ್‌ಲೋಡ್ ಮಾಡುವ ಹುಡುಗಿಗೆ ಹೊಂದುವ ಅಳತೆ ಅಲ್ಲ.

ಹೆನ್ಲಿ ತಮ್ಮ ಹಾಡುಗಳ ವಿಷಯದಲ್ಲಿ ಬಹಳ ಖಡಕ್. 2011ರಲ್ಲಿ ಅಮೆರಿಕದ ಗಾಯಕ ಫ್ರ್ಯಾಂಕ್ ಓಷನ್ 'ಹೋಟೆಲ್ ಕ್ಯಾಲಿಫೋರ್ನಿಯಾ'ದ ಮೂಲ ರೆಕಾರ್ಡಿಂಗ್ ಮೇಲೆಯೇ ಹೊಸ ಮಾತು ಹಾಡಿ ಉಚಿತವಾಗಿ ಹಂಚಿದಾಗ ಅವರು ಬಲವಾಗಿ ಆಕ್ಷೇಪ ಎತ್ತಿದರು. ಅದು ಕವರ್ ಅಲ್ಲ, ಬೇರೆಯವರ ರೆಕಾರ್ಡನ್ನೇ ಬಳಸಿದ್ದು. ಹಾಗಾಗಿ ಅಲ್ಲಿ ಅವರ ಸಿಟ್ಟು ಸುಲಭವಾಗಿ ಅರ್ಥವಾಗುತ್ತದೆ. ಇನ್ನೊಂದು ಪ್ರಸಂಗ ಅಷ್ಟು ಸುಲಭದ್ದಲ್ಲ. ಟೆಕ್ಸಸ್‌ನ ಒಕರ್ವಿಲ್ ರಿವರ್ ಬ್ಯಾಂಡ್ ಹೆನ್ಲಿಯ 'ದಿ ಎಂಡ್ ಆಫ್ ದಿ ಇನೊಸೆನ್ಸ್' ಹಾಡನ್ನು ತಾವೇ ನುಡಿಸಿ, ಸಾಹಿತ್ಯ ಸಾಕಷ್ಟು ಬದಲಿಸಿ, ಉಚಿತವಾಗಿ ಬಿಟ್ಟಿತ್ತು. ಹೆನ್ಲಿ ಕಡೆಯ ವಕೀಲರು ಅದನ್ನು ತೆಗೆಸಿದರು. ಜನಪದ ಹಾಡುಗಳು ಬಾಯಿಂದ ಬಾಯಿಗೆ ಬದಲಾಗುತ್ತಲೇ ಬೆಳೆದವು, ಕಲೆ ಹೀಗೇ ನಡೆದುಬಂದಿದೆ ಅಂತ ಬ್ಯಾಂಡಿನ ವಿಲ್ ಶೆಫ್ ಪತ್ರಿಕೆಯಲ್ಲಿ ವಾದಿಸಿದರು. ಷರೀಫರ ಪದಗಳನ್ನು ಹತ್ತಾರು ಧಾಟಿಯಲ್ಲಿ ಕೇಳಿ ಬೆಳೆದ ನನಗೆ ಶೆಫ್ ಮಾತು ಹತ್ತಿರ ಅನಿಸುತ್ತದೆ. ಆದರೂ ಈ ಒಂದು ಹಾಡಿನಲ್ಲಿ ನಾನು ಹೆನ್ಲಿ ಕಡೆಗೇ. ಬದುಕಿರುವ ಕವಿ ಒಂದೊಂದೇ ಪದ ತೂಗಿ ಬರೆದ ಸಾಲು ಅದು, ಅದನ್ನು ಅಷ್ಟು ಬದಲಿಸುವ ಮೊದಲು ಕೇಳಬೇಕಿತ್ತು.